ಹಳಿಯಿಂದ ಹಳಿಗೆ ಮೂರು ಹೆಜ್ಜೆ

ಸಿಡ್ನಿಯ ಗಿರಾವೀನ್‌ನಲ್ಲಿ ನಾವಿದ್ದ ಮನೆಗೆ ಅಡುಗೆಮನೆ ಒಂದೇ, ಅದರಲ್ಲಿ ಒಲೆ ಹಚ್ಚುವ ಹೆಂಗಸರು ಇಬ್ಬರು. ಮುಂದಿನ ಎರಡು ಕೋಣೆಗಳಲ್ಲಿ ಮನೆಯ ಒಡತಿ ಸುಮಿಕೋ ಇರುತ್ತಿದ್ದರು, ಹಿಂದಿನ ಎರಡರಲ್ಲಿ ಬಾಡಿಗೆಗಿದ್ದ ನಾವು ನಾಲ್ವರು. ನಡುವಿನ ಅಡುಗೆಮನೆಗೆ ಎರಡೂ ಕಡೆಯಿಂದ ಬಾಗಿಲು. ಫೋನ್ ಕಾರ್ಡು ಗೀಚಿ, ಉದ್ದದ ನಂಬರು ಒತ್ತಿ ಹುಬ್ಬಳ್ಳಿಗೆ ಮಾತಾಡುತ್ತಿದ್ದ ಕಾಲ ಅದು. ನಾವು ಬಂದಾಗ ನನಗೆ ಹನ್ನೆರಡು, ತಂಗಿ ಗೌರಿಗೆ ಮೂರು. ಅಪ್ಪ ಫಿಟ್ಟರ್; ಗೂಡ್ಸ್ ವ್ಯಾಗನ್ನುಗಳನ್ನು ರಿಪೇರಿ ಮಾಡುವ ವರ್ಕ್‌ಶಾಪೊಂದರಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದವರು. ಸುಮಿಕೋ ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು. ಯುದ್ಧ ಮುಗಿದ ಮೇಲೆ ಜಪಾನಿಗೆ ಹೋಗಿದ್ದ ಆಸ್ಟ್ರೇಲಿಯದ ಸೈನಿಕನೊಬ್ಬನನ್ನು ಮದುವೆಯಾಗಿ, ಎಳೆಯ ವಯಸ್ಸಿನಲ್ಲೇ ಹಡಗು ಹತ್ತಿ ಸಿಡ್ನಿಗೆ ಬಂದವರು. ಗಂಡ ತೀರಿಕೊಂಡಿದ್ದರು, ಒಬ್ಬಳೇ ಮಗಳು ಮೆಲ್ಬರ್ನ್‌ನಲ್ಲಿದ್ದಳು. ಆಂಟಿ ಅನ್ನುವ ಮಾತು ನಮ್ಮ ಅವ್ವನ ನಾಲಿಗೆಗೆ ಒಗ್ಗಲಿಲ್ಲ. ಎರಡನೇ ದಿನಕ್ಕೇ ಅವರು ಅವ್ವನಿಗೆ ಸುಮಕ್ಕ ಆದರು, ನಮಗೆ ಸುಮಜ್ಜಿ. ಅವರು ಆಡುತ್ತಿದ್ದುದು ಇಂಗ್ಲಿಷು. ಅವ್ವನಿಗೆ ಅದನ್ನು ನಾನೇ ಕನ್ನಡ ಮಾಡಿ ಹೇಳುತ್ತಿದ್ದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಮೊದಲ ತಿಂಗಳು ಮನೆಯಲ್ಲಿ ಜಗಳವೋ ಜಗಳ. ಅವ್ವ ಮೀನಿನ ವಾಸನೆ ಕಂಡವಳಲ್ಲ. ಸುಮಜ್ಜಿಗೆ ಬೆಳಿಗ್ಗೆ ಒಂದು ತುಂಡು ಮೀನು ಸುಡದಿದ್ದರೆ ಬೆಳಗಾಗುತ್ತಿರಲಿಲ್ಲ. ಅವ್ವ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದರೆ ಸುಮಜ್ಜಿ ಸೀನುತ್ತ ಸೀನುತ್ತ ಅಂಗಳಕ್ಕೆ ಓಡುತ್ತಿದ್ದರು. ಒಂದು ದಿನ ಅವ್ವ ರೊಟ್ಟಿ ಬಡಿಯುತ್ತಿದ್ದಾಗಲೇ ಪಕ್ಕದ ಒಲೆಯ ಮೇಲೆ ಮೀನು ಬಂತು. ಅವ್ವ ಹಿಟ್ಟಿನ ಕೈಯಲ್ಲೇ ಹೊರಬಂದು ನನ್ನ ಮುಂದೆ ನಿಂತಳು.

“ಏ ಬಸೂ, ಹೇಳ ಅವರಿಗೆ. ಒಂದೋ ಅವರ ಮೀನಾ ಇರಬೇಕು, ಇಲ್ಲಾ ನನ್ನ ರೊಟ್ಟಿ ಇರಬೇಕು. ಎರಡೂ ಎದುರಾಬದುರಾ ಬಂದ್ರ ನಾ ಒಲಿ ಮುಟ್ಟಂಗಿಲ್ಲ.”

ನಾನು ಹೇಳಿದೆ. ಎದುರಾಬದುರಾ ಅನ್ನುವುದನ್ನು ಎರಡು ಕೈ ಒಂದಕ್ಕೊಂದು ಢಿಕ್ಕಿ ಹೊಡೆಸಿ ತೋರಿಸಿದೆ. ಸುಮಜ್ಜಿ ಒಲೆ ಆರಿಸಿದರು. ಆಮೇಲೆ ಅವ್ವನ ಕಸೂತಿಯ ಬಳೆಯನ್ನು, ಅಂದರೆ ಬಟ್ಟೆ ಬಿಗಿಯುವ ಆ ಬಿದಿರಿನ ಚಕ್ರವನ್ನು, ಎತ್ತಿಕೊಂಡು ಅಡುಗೆಮನೆಯ ಗೋಡೆಯ ಮೊಳೆಗೆ ನೇತುಹಾಕಿದರು. ಇದು ಯಾರ ಕೈಯಲ್ಲಿದೆಯೋ ಅಡುಗೆಮನೆ ಅವರದು, ಇದಿಲ್ಲದೆ ಯಾರೂ ಒಳಗೆ ಬರುವಂತಿಲ್ಲ, ನನ್ನ ತಂದೆ ಸ್ಟೇಷನ್ ಮಾಸ್ತರ್, ಅವರ ಒಂಟಿ ಹಳಿಯ ದಾರಿಯಲ್ಲಿ ಹೀಗೇ ಇತ್ತು ಎಂದರು. ಎರಡೂ ದಿಕ್ಕಿನ ಗಾಡಿಗಳು ಒಂದೇ ಹಳಿಯಲ್ಲಿ ಓಡಬೇಕಾದ ಕಡೆ, ಒಂದು ನಿಲ್ದಾಣದಿಂದ ಮುಂದಿನದಕ್ಕೆ ಒಂದೇ ಟೋಕನ್ನು. ಅದು ಕೈಗೆ ಬಾರದೆ ಡ್ರೈವರು ಗಾಡಿ ಬಿಡುವುದಿಲ್ಲ. ನಾನು ಇದನ್ನು ಪೂರ್ತಿ ತಿಳಿಸಿ ಹೇಳುವ ಮೊದಲೇ ಅವ್ವ ಬಾಯಿಗೆ ಕೈ ಹಚ್ಚಿದ್ದಳು.

“ಅಯ್ಯ ಶಿವನ! ಇದು ನಮ್ಮಪ್ಪನ ಗುಂಡಲ್ಲೇನೋ!”

ಅವ್ವನ ಅಪ್ಪ ಹುಬ್ಬಳ್ಳಿ ಹತ್ತಿರದ ಒಂದು ಸಣ್ಣ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಓಡುವ ಎಂಜಿನ್ನಿಗೆ ಬೆತ್ತದ ಬಳೆ ಎತ್ತಿ ಹಿಡಿಯುತ್ತಿದ್ದುದನ್ನು ಅವಳು ಹುಡುಗಿಯಾಗಿದ್ದಾಗ ದಿನಾ ನೋಡಿದವಳು. ಆ ಬಳೆಗೆ ಚರ್ಮದ ಚೀಲ, ಚೀಲದೊಳಗೆ ಉಕ್ಕಿನ ಗುಂಡು. ಸುಮಜ್ಜಿಯ ಊರಿನಲ್ಲಿ ಗುಂಡಲ್ಲ, ತೂತಿನ ಹಿತ್ತಾಳೆ ಬಿಲ್ಲೆ. ಗುಂಡೋ ಬಿಲ್ಲೆಯೋ ಅಂತ ಇಬ್ಬರೂ ಇನ್ನೊಂದು ಜಗಳ ಆಡಿದರು, ಆದರೆ ಈ ಸಲ ನಗುತ್ತ. ಕೊನೆಗೆ ಅಪ್ಪ ವರ್ಕ್‌ಶಾಪಿನಿಂದ ಬೇರಿಂಗಿನ ಗುಂಡೊಂದನ್ನು ತಂದರು, ಅವ್ವ ಅದಕ್ಕೆ ಚೀಲ ಹೊಲಿದಳು, ಗೆದ್ದಳು. ನಿಯಮ ಮಾತ್ರ ಸುಮಜ್ಜಿಯದೇ ನಡೆಯಿತು. ಒಮ್ಮೆ ಅವರು ಅನ್ನಕ್ಕಿಟ್ಟು, ಟೋಕನ್ನು ಮೊಳೆಗೆ ಹಾಕಿ, ಮಗಳ ಫೋನು ಬಂತೆಂದು ಕೋಣೆಗೆ ಹೋದರು. ಅಷ್ಟರಲ್ಲಿ ಅವ್ವ ಅದನ್ನು ತೆಗೆದುಕೊಂಡವಳು, ಭುಜಕ್ಕೆ ಹಾಕಿಕೊಂಡೇ ಹಿತ್ತಲಿಗೆ ಬಟ್ಟೆ ಒಣಹಾಕಲು ಹೋದಳು. ನಾನು ಶಾಲೆಯಿಂದ ಬಂದು ನೋಡುತ್ತೇನೆ: ಅನ್ನ ಉಕ್ಕಿ ಒಲೆಯೆಲ್ಲ ಗಂಜಿ, ಸುಮಜ್ಜಿ ಬಾಗಿಲ ಹೊಸ್ತಿಲ ಮೇಲೆ ಎರಡು ಕೈ ಕಟ್ಟಿ ನಿಂತು ಅದನ್ನು ನೋಡುತ್ತಿದ್ದಾರೆ.

“ಅಲ್ರೀ ಸುಮಕ್ಕಾ,” ಅವ್ವ ಓಡಿ ಬಂದು ಹಣೆ ಹಣೆ ಬಡಿದುಕೊಂಡಳು, “ಒಂದ್ ಹೆಜ್ಜಿ ಒಳಗ ಇಟ್ಟು ಗ್ಯಾಸ್ ಬಂದ್ ಮಾಡಿದ್ರ ಏನಾಗತಿತ್ತು?”

“ಎದುರಿನಿಂದ ಗಾಡಿ ಬಂದಿದ್ದರೆ?” ಎಂದರು ಸುಮಜ್ಜಿ.

ಸುಮಜ್ಜಿಯ ಅಪ್ಪನ ಆ ಸ್ಟೇಷನ್ನಿನ ಹೆಸರು ಮಿನೋಕುರಾ. ಹುಬ್ಬಳ್ಳಿಯ ನಮ್ಮ ಓಣಿಯ ನಂತರ ನನಗೆ ಚೆನ್ನಾಗಿ ಗೊತ್ತಿದ್ದ ಊರೆಂದರೆ ಅದೇ, ಸಿಡ್ನಿ ಮೂರನೆಯದು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹಿಂದಿನ ಜಗುಲಿಯಲ್ಲಿ ಕೂತು ಸುಮಜ್ಜಿ ಅದನ್ನು ತುಸುತುಸುವೇ ಬಿಚ್ಚುತ್ತಿದ್ದರು. ಎರಡು ಬೆಟ್ಟಗಳ ನಡುವೆ ಒಂದೇ ಪ್ಲಾಟ್‌ಫಾರಂ. ಗಾಡಿಗಳು ಒಂದನ್ನೊಂದು ದಾಟಲು ಪಕ್ಕದಲ್ಲಿ ಇನ್ನೊಂದು ಹಳಿ. ಹೆಂಚಿನ ಕಟ್ಟಡ, ಅದರ ಹಿಂದೆ ಮಾಸ್ತರರ ಮನೆ. ಬೆಟ್ಟದ ಮರ ಇಳಿಸುವುದಕ್ಕೆಂದೇ ಹಾಕಿದ ಹಳಿ ಅದು. ಜಾಗ ಕೊಟ್ಟವನು ಮರದ ಸಾಹುಕಾರ, ಹಾಗಾಗಿ ಸ್ಟೇಷನ್ನೂ ತನ್ನದೇ ಎಂದುಕೊಂಡಿದ್ದ. ಒಂದು ಚಳಿಗಾಲ ಹಿಮ ಸುರಿದು, ಮುಂದಿನ ನಿಲ್ದಾಣದಿಂದ ಟೋಕನ್ನು ಬಾರದೆ ಗಾಡಿ ನಿಂತಿತು. ಸಾಹುಕಾರ ಮಾಸ್ತರರ ಕೋಣೆಗೆ ನುಗ್ಗಿ, ಗಾಡಿ ಬಿಡು, ನನ್ನ ಜಾಗದಲ್ಲಿ ನಿಂತು ನನಗೇ ತಡೆಯೇ ಅಂತ ಕೂಗಾಡಿದ. ಸುಮಜ್ಜಿಯ ಅಪ್ಪ ಅವನಿಗೆ ಚಹಾ ಬಗ್ಗಿಸಿ ಕೊಟ್ಟು, ಬಿಲ್ಲೆ ಬರಲಿ ಎಂದರು. ಎರಡನೇ ಬಟ್ಟಲು ಮುಗಿಯುವ ಹೊತ್ತಿಗೆ ಆಚೆಯಿಂದ ಗೂಡ್ಸ್ ಗಾಡಿಯೊಂದು ಹಿಮ ಸೀಳಿಕೊಂಡು ಬಂತು. ಸಾಹುಕಾರ ಮೂರನೇ ಬಟ್ಟಲನ್ನು ತಾನೇ ಕೇಳಿ ಕುಡಿದನಂತೆ.

ಸುಮಜ್ಜಿ ಹುಟ್ಟಿದ್ದು ಆ ಮಾಸ್ತರರ ಮನೆಯಲ್ಲಿ. ಎಂಟು ತುಂಬುವ ಮೊದಲು ಅಪ್ಪನಿಗೆ ದೊಡ್ಡ ಊರಿಗೆ ವರ್ಗವಾಯಿತು. ಆಮೇಲಿನದೆಲ್ಲ ನೆಂಟರ ಕಾಗದಗಳಿಂದ ತಿಳಿದದ್ದು. ಯುದ್ಧದಲ್ಲಿ ಪ್ಲಾಟ್‌ಫಾರಂನ ಕಬ್ಬಿಣದ ಕಟಾಂಜನವನ್ನೂ ಗಂಟೆಯನ್ನೂ ಕಿತ್ತು ಕರಗಿಸಿದರು. ಪೋರ್ಟರುಗಳು ಸೈನ್ಯಕ್ಕೆ ಹೋದರು, ಅವರ ಕೆಲಸ ಹೆಂಗಸರು ಮಾಡಿದರು. ಯುದ್ಧ ಮುಗಿದು ರಸ್ತೆ ಬಂತು, ಮರವೆಲ್ಲ ಲಾರಿ ಹತ್ತಿತು. ಗೂಡ್ಸ್ ನಿಂತಿತು, ಮಾಸ್ತರರ ಹುದ್ದೆ ಹೋಯಿತು, ಟಿಕೇಟಿನ ಕಿಟಕಿಗೆ ಹಲಗೆ ಹೊಡೆದರು. ಕೊನೆಗೆ ದಿನಕ್ಕೆ ಕೆಲವು ಸಲ ಒಂದೇ ಡಬ್ಬಿಯ ಗಾಡಿ ಬಂದು ನಿಂತು, ಹತ್ತುವವರಿಲ್ಲದೆ ಹೊರಡುತ್ತಿತ್ತು. ಸುಮಜ್ಜಿ ಮರಳಿ ಅಲ್ಲಿಗೆ ಹೋಗಲೇ ಇಲ್ಲ. ವಿದೇಶಿ ಸೈನಿಕನನ್ನು ಮದುವೆಯಾದವಳನ್ನು ಮನೆಯವರು ಬಹಳ ವರ್ಷ ಕರೆಯಲಿಲ್ಲ. ಕರೆಯುವ ಹೊತ್ತಿಗೆ ಮೊಣಕಾಲು ಹೋಗಿತ್ತು.

ನನಗೆ ಹದಿನೈದಾದ ವರ್ಷ ಅವರ ತಮ್ಮನ ಮಗನಿಂದ ಕಾಗದ ಬಂತು. ಮಿನೋಕುರಾದ ಕಟ್ಟಡವನ್ನು ಈ ಶರತ್ಕಾಲದಲ್ಲಿ ಕೆಡವುತ್ತಾರೆ, ಆ ಜಾಗದಲ್ಲಿ ಬಸ್ ನಿಲ್ದಾಣದಂಥ ಒಂದು ಸಣ್ಣ ಮಾಡು ಬರುತ್ತದೆ, ಊರಿನ ಗ್ರಂಥಾಲಯದ ಒಂದು ಕೋಣೆಯಲ್ಲಿ ಹಳೇ ಸ್ಟೇಷನ್ನಿನ ನೆನಪುಗಳನ್ನು ಇಡುತ್ತಾರೆ, ಅತ್ತೆಯ ಬಳಿ ಆ ಕಾಲದ ಫೋಟೋ ಏನಾದರೂ ಇದೆಯೇ ಅಂತ. ಫೋಟೋ ಇರಲಿಲ್ಲ. ಇದ್ದದ್ದೆಲ್ಲ ಯುದ್ಧದಲ್ಲಿ ಮನೆಯೊಂದಿಗೆ ಸುಟ್ಟುಹೋಗಿತ್ತು. ಊರಿನವರ ಬಳಿಯೂ ಅಷ್ಟು ಹಳೆಯದು ಇಲ್ಲವಂತೆ. ಸುಮಜ್ಜಿ ಕಾಗದ ಮಡಿಸಿ, ತಮ್ಮ ಹಣೆಗೆ ಬೆರಳು ಬಡಿದು ತೋರಿಸಿದರು.

“ಬಸೂ, ಆ ಸ್ಟೇಷನ್ ಈಗ ಇದರೊಳಗೆ ಮಾತ್ರ ಇದೆ. ನಾನು ಹೋದ ದಿನ ಅದೂ ಹೋಗುತ್ತದೆ.”

ನಾನೇನು ದೊಡ್ಡ ಮಾತು ಆಡಲಿಲ್ಲ. ನಾನು ಮಾಡಿಕೊಡುತ್ತೇನೆ ಅಂದೆ, ಅಷ್ಟೇ. ಹುಬ್ಬಳ್ಳಿಯಲ್ಲಿ ಕನ್ನಡ ಶಾಲೆಯಲ್ಲಿ ಮೊದಲ ಸಾಲಿನಲ್ಲಿ ಕೂತವನು ಇಲ್ಲಿ ಕೊನೆಯ ಬೆಂಚಿಗೆ ಹೋಗಿದ್ದೆ. ಎಸ್ಸೇ ಬರೆ ಅಂದರೆ ಪೆನ್ನು ಬೆವರುತ್ತಿತ್ತು. ಆದರೆ ಮರಗೆಲಸದ ಪೀರಿಯಡ್ಡಿನಲ್ಲಿ ನನ್ನ ಪೆಟ್ಟಿಗೆಯ ಮೂಲೆಗಳನ್ನು ಮಾಸ್ತರರು ಬೇರೆ ಮಕ್ಕಳಿಗೆ ತೋರಿಸುತ್ತಿದ್ದರು. ಅಪ್ಪನಿಗೆ ಅದು ಬೇಡವಾಗಿತ್ತು. ಎಣ್ಣೆ ಹಿಡಿದ ಎರಡು ಕೈ ನನ್ನ ಮುಂದೆ ಹಿಡಿದು, ನಿನ್ನ ಕೈ ಹಿಂಗ ಆಗಬಾರದು ಅಂತ ಹೇಳುತ್ತಿದ್ದರು. ನನಗೋ ಆ ಕೈಗಳ ಮೇಲೇ ಆಸೆ.

ಗ್ಯಾರೇಜಿನಲ್ಲಿ ಯಾರೋ ಎಸೆದಿದ್ದ ಎರಡು ಹಳೆಯ ಬಾಗಿಲುಗಳನ್ನು ಜೋಡಿಸಿ ಹಲಗೆ ಮಾಡಿಕೊಂಡೆ. ಸುಮಜ್ಜಿ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಹೇಳುತ್ತಿದ್ದರು. ಮನೆಯ ಬಾಗಿಲಿನಿಂದ ಅಪ್ಪನ ಕೋಣೆಗೆ ಹತ್ತೊಂಬತ್ತು ಹೆಜ್ಜೆ. ಪ್ಲಾಟ್‌ಫಾರಂ ನೂರಾ ಹತ್ತು. ಹಳಿಯಿಂದ ಹಳಿಗೆ ಮೂರು ಹೆಜ್ಜೆ. ಒಂದು ಸಲವೂ ತಡವರಿಸಲಿಲ್ಲ, ಒಂದು ಸಲವೂ ಅಂಕಿ ಬದಲಾಗಲಿಲ್ಲ. ಅವರ ಮೊಣಕಾಲಿಗೆ ನಡೆಯಲಾಗದ್ದರಿಂದ ನಾನೇ ಅಂಗಳದಲ್ಲಿ ಅಷ್ಟಷ್ಟು ಹೆಜ್ಜೆ ಹಾಕಿ, ಟೇಪು ಹಿಡಿದು, ಮೀಟರಿಗೆ ಮೂರು ಸೆಂಟಿಮೀಟರಿನಂತೆ ಇಳಿಸಿ ಹಲಗೆಯ ಮೇಲೆ ಗೀಟು ಎಳೆದೆ. ಗೋಡೆಗೆ ಐಸ್‌ಕ್ರೀಮ್ ಕಡ್ಡಿ, ಬೇಲಿಗೆ ಅವ್ವನ ದೇವರ ಮೂಲೆಯ ಊದುಬತ್ತಿ ಕಡ್ಡಿ. ಹಳಿಯ ಜಲ್ಲಿಗೆ ಏನೂ ತೋಚದೆ ಡಬ್ಬಿಯಿಂದ ರವೆ ಕದ್ದು ಅಂಟಿಸಿದೆ. ಮೂರನೇ ದಿನ ಇರುವೆಗಳು ಸಾಲುಗಟ್ಟಿ ಬಂದು ಅರ್ಧ ಮೈಲಿ ಜಲ್ಲಿ ಹೊತ್ತುಕೊಂಡು ಹೋದವು. ಅವ್ವ ಬಾಗಿಲಲ್ಲಿ ನಿಂತು, “ರವಾ ಉಪ್ಪಿಟ್ಟಿಗೆ ಹಾಕೂದೋ ರೈಲಿಗೆ ಹಾಕೂದೋ?” ಅಂತ ಬೈದಳು, ಆಮೇಲೆ ತಾನೇ ಡ್ರೈವ್‌ವೇಯ ಸಣ್ಣ ಕಲ್ಲು ಜರಡಿ ಹಿಡಿದು ಕೊಟ್ಟಳು.

ಎರಡು ತಿಂಗಳು ಹಿಡಿಯಿತು. ಮುಗಿಯುತ್ತ ಬಂದಾಗ ಸುಮಜ್ಜಿಯನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಚೆನ್ನಾಗಿದೆ, ಬಹಳ ಶ್ರಮಪಟ್ಟಿದ್ದೀಯ ಎಂದರು. ತಲೆಬಾಗಿ ಕೃತಜ್ಞತೆ ಹೇಳಿದರು. ಬಾಗಿಲ ತನಕ ಹೋದವರು ತಿರುಗಿ ನಿಂತರು.

“ಬಸೂ, ಕ್ಷಮಿಸು. ಇದು ದೊಡ್ಡ ಊರಿನ ಸ್ಟೇಷನ್. ನಮ್ಮದಲ್ಲ.”

ಎಲ್ಲಿ ತಪ್ಪಿದೆ ಅಂತ ಕೇಳಿದರೆ ಅವರಿಗೆ ಹೇಳಲಾಗಲಿಲ್ಲ. ಹೆಜ್ಜೆ ಎಣಿಸಿ ನೋಡಿದರೆ ಎಲ್ಲ ಸರಿ; ಕಣ್ಣಿಗೆ ಸರಿಯಿಲ್ಲ. ನನ್ನ ತಲೆಯೇ ಕೆಟ್ಟಿತೇನೋ ಅಂದರು. ಆ ಮಾತಿನಿಂದ ನನಗೆ ಹೊಡೆತ ಬಿದ್ದಂತಾಯಿತು. ಅವರ ನೆನಪನ್ನು ಉಳಿಸಲು ಹೋಗಿ, ಆ ನೆನಪಿನ ಮೇಲೇ ಅವರಿಗೆ ಸಂಶಯ ಬರುವ ಹಾಗೆ ಮಾಡಿದ್ದೆ.

ಮರುದಿನ ಶನಿವಾರ, ಅಪ್ಪನ ಗೆಳೆಯ ರಘು ಅಂಕಲ್ ಊಟಕ್ಕೆ ಬಂದಿದ್ದರು. ಮೈಸೂರಿನವರು, ಸಾಫ್ಟ್‌ವೇರ್ ಕೆಲಸ, ಕೆಲ್ಲಿವಿಲ್‌ನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು. ಕೈ ತೊಳೆಯಲು ಹೋಗುವಾಗ ಗ್ಯಾರೇಜಿನೊಳಗೆ ಇಣುಕಿ ನೋಡಿದರು.

“ಏನ್ ಅಣ್ಣ, ಇಯರ್ ಟೆನ್ ಹುಡುಗ, ಡಾಲ್ಸ್ ಹೌಸ್ ಮಾಡ್ಕೊಂಡ್ ಕೂತಿದಾನಲ್ಲ! ಟ್ಯೂಷನ್‌ಗೆ ಹಾಕಿ. ನಮ್ಮವನು ವೀಕ್ಲಿ ತ್ರೀ ಡೇಸ್ ಪ್ಯಾರಮ್ಯಾಟಾಗೆ ಹೋಗ್ತಾನೆ. ಈಗ ಸೀರಿಯಸ್ ಆಗ್ಲಿಲ್ಲ ಅಂದ್ರೆ ಆಮೇಲೆ ಕಡ್ಡಿ ಅಂಟಿಸ್ಕೊಂಡೇ ಇರ್ಬೇಕಾಗತ್ತೆ ಲೈಫ್ ಪೂರ್ತಿ.”

“ನಿಮ್ಮ ಕೆಲ್ಲಿವಿಲ್ ಮನೀನೂ ಒಳಗ ಎಲ್ಲಾ ಕಟಗೀ ಕಡ್ಡೀನ ಅಂತ ಕೇಳೀನ್ರೀ ರಘು ಅವರ,” ಅಂದಳು ಅವ್ವ, ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ. “ಯಾರರ ಅಂಟಸವ್ರು ಬೇಕಲ್ಲ.”

ರಘು ಅಂಕಲ್ ನಕ್ಕರು, ಒಳ್ಳೆಯವರೇ ಅವರು. ಅಪ್ಪ ನಗಲಿಲ್ಲ. ರಘು ಅಂಕಲ್ ಹೋದ ಮೇಲೆ ಸೀದಾ ಗ್ಯಾರೇಜಿಗೆ ನಡೆದರು. ಇದನ್ನೆಲ್ಲ ಇವತ್ತು ತೆಗೀತೀನಿ, ಪರೀಕ್ಷಾ ಮುಗಿಯೂ ತನಕ ಇಲ್ಲಿ ಕಾಲಿಡಬ್ಯಾಡ ಎಂದರು. ನಾನು ಬಾಗಿಲಲ್ಲಿ ನಿಂತೆ. ಸುಮಜ್ಜಿಯೂ ಸದ್ದು ಕೇಳಿ ಬಂದರು. ಹಲಗೆಯ ಒಂದು ತುದಿ ಎತ್ತಲು ಬಗ್ಗಿದ ಅಪ್ಪನಿಗೆ ಪಕ್ಕದಲ್ಲಿದ್ದ ರೈಲು ಡಬ್ಬಿ ಕಂಡಿತು. ಗ್ರಂಥಾಲಯದ ಪುಸ್ತಕದಲ್ಲಿ ಅಳತೆ ನೋಡಿ ಹಿಂದಿನ ದಿನವಷ್ಟೇ ನಾನು ಮುಗಿಸಿದ್ದೆ. ಹಳಿಗೆ ಇನ್ನೂ ಏರಿಸಿರಲಿಲ್ಲ. ದಿನಾ ವ್ಯಾಗನ್ ಮುಟ್ಟುವ ಮನುಷ್ಯ, ಎಷ್ಟು ಸಿಟ್ಟಿದ್ದರೂ ಕೈ ತಡೆಯಲಿಲ್ಲ. ಡಬ್ಬಿ ಎತ್ತಿ, ಚಕ್ರ ತಿರುಗಿಸಿ ನೋಡಿ, ಹಳಿಯ ಮೇಲಿಟ್ಟರು. ಡಬ್ಬಿಯ ಚಕ್ರಗಳು ಎರಡು ಹಳಿಗಳ ನಡುವೆ ಧೊಪ್ಪೆಂದು ಇಳಿದವು. ಎರಡೂ ಬದಿಗೆ ಇನ್ನೂ ಜಾಗ ಉಳಿದಿತ್ತು.

“ಗಾಡಿ ಹಳಿ ಮ್ಯಾಲ ನಿಂದರಬೇಕೋ, ಹಳಿ ನಡಕ ಮಲಗಬೇಕೋ?” ಅಪ್ಪ ನನ್ನನ್ನು ನೋಡಿದರು. “ಇದು ಯಾವ ದೇಶದ ಗೇಜ್ ಲೇ?”

“ಸುಮಜ್ಜೀ ಹೇಳಿದ್ದು. ಮೂರ ಹೆಜ್ಜಿ. ನಾ ಮೂರ ಸಲ ಕೇಳೀನಿ.”

ಅಪ್ಪ ಸುಮಜ್ಜಿಯ ಕಡೆ ತಿರುಗಿ ತಮ್ಮ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಜಪಾನಿನ ಹಳಿಯ ಅಗಲ ಕೇಳಿದರು. ಕ್ವೀನ್ಸ್‌ಲ್ಯಾಂಡಿನ ಹಾಗೆಯೇ ಅಂತ ನನ್ನ ಗಂಡ ಹೇಳುತ್ತಿದ್ದರು ಎಂದರು ಸುಮಜ್ಜಿ. ಅಪ್ಪನ ವರ್ಕ್‌ಶಾಪಿಗೆ ಕ್ವೀನ್ಸ್‌ಲ್ಯಾಂಡಿನ ವ್ಯಾಗನ್ನುಗಳೂ ಬರುತ್ತಿದ್ದವು. ಮೂರೂವರೆ ಅಡಿ. ಟೇಪು ಎಳೆದು, ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಿಂದ ಅಷ್ಟು ಅಂತರಕ್ಕೆ ಎರಡು ಗೀಟು ಹಾಕಿದರು. ದಾಟು ಎಂದರು. ಒಂದೂವರೆ ಹೆಜ್ಜೆಗೆ ದಾಟಿದೆ. ಮೂರು ಹಾಕಿ ನೋಡು ಎಂದರು. ಹೇಗೆ ಹಾಕಲಿ? ಅಪ್ಪ ಸುಣ್ಣದ ಕೈ ಒರೆಸಿಕೊಳ್ಳುತ್ತ ಸುಮಜ್ಜಿಯನ್ನು ಕೇಳಿದರು, ನೀವು ಆಗ ಎಷ್ಟು ವರ್ಷದವರು?

“ಆರು. ಏಳು.”

ಅಪ್ಪ ಸಣ್ಣಗೆ ನಕ್ಕರು. ಅಂದು ಬೆಳಗಿನಿಂದ ಮೊದಲ ಸಲ.

“ಎಣಿಕಿ ಅವರದು, ಹೆಜ್ಜಿ ನಿಂದು. ಎರಡೂ ಕೂಡಿಸಿ ಯಾರ್ದೂ ಅಲ್ಲದ ಸ್ಟೇಷನ್ ಕಟ್ಟೀದಿ. ಗೌರೀ! ಬಾ ಇಲ್ಲೆ!”

“ಐ ಆಮ್ ವಾಚಿಂಗ್ ಕಾರ್ಟೂನ್ಸ್!” ಒಳಗಿನಿಂದ ಕೂಗು ಬಂತು.

“ನಿನ್ನ ಕಾರ್ಟೂನ್ ಮನಿ ಹಾಳಾಗ, ಬಾ ಅಂದ್ರ ಬರಬೇಕು.”

ಆರು ವರ್ಷದ ಗೌರಿ ಮುಖ ಊದಿಸಿಕೊಂಡು ಬಂದು ದಾಟಿದಳು. ಒಂದು, ಎರಡು, ಮೂರು. ಮೂರನೆಯ ಹೆಜ್ಜೆ ಗೀಟಿನ ಮೇಲೇ ಬಿತ್ತು. ಸುಮಜ್ಜಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ತಲೆ ಕೆಟ್ಟಿರಲಿಲ್ಲ ಎಂಬುದು ಅವರಿಗೆ ನಮಗಿಂತ ಮೊದಲು ತಿಳಿಯಿತು.

ಮರುದಿನ ಭಾನುವಾರ ಇಡೀ ಮನೆ ಅಂಗಳದಲ್ಲಿತ್ತು. ಗೌರಿಗೆ ಸುಮಜ್ಜಿ ತಮ್ಮ ಮರದ ಚಪ್ಪಲಿ ಹಾಕಿಸಿ, ಜಾರದಂತೆ ಬಟ್ಟೆಯಿಂದ ಕಟ್ಟಿದರು.

“ವೈ ಡು ಐ ಹ್ಯಾವ್ ಟು ವಾಕ್ ಫನ್ನಿ?”

“ನಾನು ಹಾಗೇ ನಡೆಯುತ್ತಿದ್ದೆ,” ಎಂದು ಸುಮಜ್ಜಿ ಅವಳ ಎರಡು ಕೈಗೆ ನೀರು ತುಂಬಿದ ಬಟ್ಟಲೊಂದನ್ನು ಕೊಟ್ಟರು. “ಇದು ನನ್ನ ಅಪ್ಪನ ಸಾರು. ಚೆಲ್ಲಿದರೆ ಅವರಿಗೆ ಊಟವಿಲ್ಲ.”

ಗೌರಿಯ ಮುಖ ಗಂಭೀರವಾಯಿತು. ಬಟ್ಟಲಿನ ಮೇಲೆ ಕಣ್ಣಿಟ್ಟು ಒಂದೊಂದೇ ಹೆಜ್ಜೆ ಇಟ್ಟಳು. ಅವ್ವ ಜೋರಾಗಿ ಕನ್ನಡದಲ್ಲಿ ಎಣಿಸಿದಳು, ಸುಮಜ್ಜಿ ಕೆಳದನಿಯಲ್ಲಿ ಜಪಾನಿಯಲ್ಲಿ. ಹತ್ತೊಂಬತ್ತಕ್ಕೆ ನಿಲ್ಲು ಎಂದು ಅಪ್ಪ ಅಲ್ಲಿ ಗೀಟು ಹಾಕಿದರು. ಸುಮಜ್ಜಿ ಈ ತುದಿಯಲ್ಲಿ ನಿಂತು ಆ ಗೀಟನ್ನು ನೋಡಿದರು. ನಮ್ಮ ಬಟ್ಟೆ ಒಣಹಾಕುವ ಕಂಬದಷ್ಟೂ ದೂರವಿರಲಿಲ್ಲ.

“ಇಷ್ಟು ಹತ್ತಿರ ಇದ್ದರಾ ಅಪ್ಪ?” ಎಂದರು. “ನನಗೆ ಅದು ಎಷ್ಟು ದೂರ ಇತ್ತು.”

ಎಲ್ಲ ಕಿತ್ತು ಮತ್ತೆ ಕಟ್ಟಿದೆವು. ಈ ಸಲ ಹಲಗೆಗೆ ಒಂದೇ ಬಾಗಿಲು ಸಾಕಾಯಿತು. ಅಪ್ಪ ವೆಲ್ಡಿಂಗ್ ಕಡ್ಡಿಯನ್ನು ಉಜ್ಜಿ ಹಳಿ ಮಾಡಿಕೊಟ್ಟರು. ಬೆಸುಗೆ ಹಾಕುವುದನ್ನು ನನಗೆ ಕಲಿಸಿದ್ದು ಆಗಲೇ. ಕಲಿಸಿದರು ಎನ್ನುವುದಕ್ಕಿಂತ, ನನ್ನದನ್ನು ಹನ್ನೊಂದು ಸಲ ಮುರಿದು ಹನ್ನೆರಡನೆಯದಕ್ಕೆ ಸುಮ್ಮನಾದರು ಎನ್ನಬೇಕು. ನಾನೂ ಹಟಮಾರಿ, ಒಮ್ಮೆಯೂ ಸಾಕು ಅನ್ನಲಿಲ್ಲ. ಹಗಲು ಶಾಲೆ, ಸಂಜೆ ಗ್ಯಾರೇಜು. ಹಡಗಿನಲ್ಲಿ ಹೋಗಲು ಎರಡು ತಿಂಗಳು ಬೇಕಿತ್ತು, ಕಟ್ಟಡ ಕೆಡವುವ ಮೊದಲು ಅದು ಅಲ್ಲಿರಬೇಕು ಅನ್ನುವುದು ಸುಮಜ್ಜಿಯ ಆಸೆ. ಮುಗಿದ ದಿನ ಅವರು ಒಳ್ಳೆಯ ಉಡುಪು ಹಾಕಿಕೊಂಡು ಬಂದರು. ಅವರ ಅಪ್ಪ ದಿನಾ ಬೆಳಿಗ್ಗೆ ನಿಲ್ದಾಣ ಪರೀಕ್ಷೆ ಮಾಡುತ್ತಿದ್ದ ರೀತಿಯಲ್ಲಿ ಕೈ ಚಾಚಿ, ಒಂದೊಂದಕ್ಕೂ ಬೆರಳು ತೋರಿಸಿ ಗಟ್ಟಿಯಾಗಿ ಕೂಗಿದರು. ಸಿಗ್ನಲ್ಲಿನ ಕೈಕಂಬ, ಸರಿ! ಪ್ಲಾಟ್‌ಫಾರಂ, ಸರಿ! ಟಿಕೇಟಿನ ಕಿಟಕಿ, ಸರಿ! ಮನೆಯ ಬಾಗಿಲಿಗೆ ಬಂದಾಗ ದನಿ ನಿಂತಿತು. ಮೊಣಕಾಲು ನೋವನ್ನೂ ಮರೆತು ಬಗ್ಗಿ, ಗಲ್ಲವನ್ನು ಹಲಗೆಯ ಅಂಚಿಗೆ ತಂದು, ಆ ಬಾಗಿಲಿನಿಂದ ಅಪ್ಪನ ಕೋಣೆಯ ಕಡೆ ನೋಡಿದರು. ಅಪ್ಪ ಅವರಿಗೆ ಕುರ್ಚಿ ತಂದರು, ಅವರು ಬೇಡವೆಂದು ಕೈ ಆಡಿಸಿದರು.

ಪೆಟ್ಟಿಗೆಯನ್ನು ಅಪ್ಪನೇ ಮಾಡಿದರು. ಅದನ್ನು ಕಳಿಸಿದ ವಾರ, ನಾನು ಕೇಳಲು ಹೆದರುತ್ತಿದ್ದ ಮರಗೆಲಸದ ಅಪ್ರೆಂಟಿಸ್ ಅರ್ಜಿಯನ್ನು ತಾವೇ ನನ್ನ ಚೀಲದಿಂದ ತೆಗೆದು ಸಹಿ ಹಾಕಿದರು. “ಮಾಡತಿ ಅಂದ್ರ ಮಾಡು. ಅರ್ಧಾ ಮಾಡಬ್ಯಾಡ,” ಎಂದರು. ಆ ವರ್ಷದ ಕೊನೆಗೆ ಶಾಲೆ ಬಿಟ್ಟೆ. ಈಗ ಮೆಲ್ಬರ್ನ್‌ನಲ್ಲಿ ನನ್ನದೇ ಮರಗೆಲಸದ ಶೆಡ್ಡಿದೆ, ಅಡುಗೆಮನೆಯ ಕಪಾಟುಗಳನ್ನು ಮಾಡುತ್ತೇನೆ. ಗಿರಾಕಿಯ ಮನೆಗೆ ಹೋದರೆ ಮೊದಲು ಅಡುಗೆ ಮಾಡುವವರನ್ನು ಒಲೆಯ ಮುಂದೆ ನಿಲ್ಲಿಸಿ ಕೈ ಎತ್ತಿ ಅನ್ನುತ್ತೇನೆ. ಆ ಕೈ ಎಟುಕುವ ಕಡೆ ಗುರುತು ಹಾಕಿದ ಮೇಲೇ ಟೇಪು ಬಿಚ್ಚುವುದು. ಹತ್ತನೇ ಕ್ಲಾಸು ದಾಟದವನು ಎಂದು ಯಾರ ಮುಂದೂ ತಲೆ ತಗ್ಗಿಸಿಲ್ಲ. ನಾನು ಮಾಡಿದ ಬಾಗಿಲು ಇವತ್ತಿಗೂ ಒಂದೂ ಜೋತುಬಿದ್ದಿಲ್ಲ.

ಜಪಾನಿನಿಂದ ಉತ್ತರ ಬಂದಾಗ ಇಲ್ಲಿ ಬೇಸಿಗೆ ಶುರುವಾಗಿತ್ತು. ಸುಮಜ್ಜಿ ಜಗುಲಿಯಲ್ಲಿ ಕೂತು ಓದಿ ಓದಿ ನಮಗೆ ಹೇಳಿದರು. ಪೆಟ್ಟಿಗೆ ಒಂದು ಕಡ್ಡಿಯೂ ಮುರಿಯದೆ ತಲುಪಿದೆ. ಕಟ್ಟಡ ಕೆಡವಿದ್ದಾರೆ. ನಮ್ಮ ಮಿನೋಕುರಾ ಗ್ರಂಥಾಲಯದ ಕೋಣೆಯಲ್ಲಿ ಗಾಜಿನೊಳಗಿದೆ. ಮೊದಲ ದಿನ ಬಂದವರಲ್ಲಿ ಒಬ್ಬ ಮುದುಕರಿದ್ದರು, ಪಕ್ಕದ ಕಣಿವೆಯಲ್ಲಿ ಮಗಳ ಮನೆಯಲ್ಲಿರುವವರು, ಹಳೆಯ ಪೋರ್ಟರ್ ಒಬ್ಬನ ಮಗ. ಕೋಲೂರಿಕೊಂಡು ಗಾಜಿನ ಸುತ್ತ ಎರಡು ಸಲ ತಿರುಗಿ, ಸಿಟ್ಟಿನಿಂದ ಕೇಳಿದರಂತೆ: ಮೇಕೆ ಎಲ್ಲಿ? ಯಾವ ಮೇಕೆ ಅಂದರೆ, ಮಾಸ್ತರರ ಮೇಕೆ, ದೀಪದ ಕೋಣೆಯ ಹಿಂದೆ ಕಟ್ಟಿರುತ್ತಿದ್ದರಲ್ಲ, ಗಾರ್ಡಿನ ಹಸಿರು ಬಾವುಟ ತಿಂದದ್ದು. ತಪ್ಪು ತಿಳಿದಿದ್ದೀರಿ ಅಂದದ್ದಕ್ಕೆ ಕೋಲು ನೆಲಕ್ಕೆ ಕುಟ್ಟಿ, ಮಾಸ್ತರರ ಮಗಳನ್ನು ಕೇಳಿ, ಅವಳಿಗೆ ಗೊತ್ತು ಅಂದರಂತೆ.

ಸುಮಜ್ಜಿ ಓದುವುದನ್ನು ನಿಲ್ಲಿಸಿದರು. ಕಾಗದ ಮಡಿಲಿಗೆ ಬಿತ್ತು.

“ಶಿರೋ,” ಎಂದರು. ಆಮೇಲೆ ಮೇಜು ಗುದ್ದಿ ಕೂಗಿದರು, “ಶಿರೋ! ಬಿಳಿ ಮೇಕೆ! ನಾನೇ ಅದಕ್ಕೆ ಹುಲ್ಲು ಹಾಕುತ್ತಿದ್ದೆ! ನಾನು ಮರೆತೇಬಿಟ್ಟಿದ್ದೆ, ಆ ಹುಡುಗ ಮರೆತಿಲ್ಲ!”

ಎಪ್ಪತ್ತು ದಾಟಿದ ಆ ಹುಡುಗನ ಮೇಲೆ ಅವರಿಗೆ ಬಂದ ಪ್ರೀತಿಯನ್ನು ನೋಡಬೇಕಿತ್ತು. ಅವನು ಹೇಡಿ, ಆ ಮೇಕೆಗೆ ಹೆದರಿ ನೀರಿನ ತೊಟ್ಟಿ ಹತ್ತುತ್ತಿದ್ದ, ನನ್ನ ಪೆನ್ಸಿಲ್ ಕದ್ದಿದ್ದ ಅಂತ ಸಂಜೆಯವರೆಗೆ ಬೈದರು. ಬೈಯುತ್ತ ಬೈಯುತ್ತ ನಾವು ಒಮ್ಮೆಯೂ ಕೇಳದ ಮಿನೋಕುರಾ ಇನ್ನಷ್ಟು ಹೊರಬಂತು. ಅವ್ವನಿಗೆ ಟೋಕನ್ನು ಬಿಟ್ಟುಕೊಡಲೂ ಮರೆತರು. ಆ ರಾತ್ರಿ ನಾವು ಅವರ ಅನ್ನ, ನಮ್ಮ ಸಾರು ಕಲೆಸಿ ಉಂಡೆವು.

ನಾಲ್ಕು ದಿನದಲ್ಲಿ ಮೇಕೆ ಆಯಿತು, ಹೆಬ್ಬೆರಳಿನಷ್ಟು. ಕಾಲು ಕುದುರೆಯದಾಗಿದೆ ಎಂದು ಅಪ್ಪ ಎರಡು ಸಲ ಮಾಡಿಸಿದರು. ಗಡ್ಡ ಇಲ್ಲದ ಮೇಕೆ ಯಾವುದು ಅಂತ ಅವ್ವ ತನ್ನ ಬಿಳಿ ಕಸೂತಿ ದಾರ ಕೊಟ್ಟಳು. ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಮಲಗಿಸಿ, ನಾನೂ ಸುಮಜ್ಜಿಯೂ ಅಂಚೆ ಕಚೇರಿಗೆ ಹೋದೆವು. ಕೌಂಟರಿನ ಹೆಂಗಸು ಹೊರದೇಶಕ್ಕೆ ಕಳಿಸುವ ಚೀಟಿ ಮುಂದಿಟ್ಟು, ಒಳಗೇನಿದೆ ಎಂದು ಕೇಳಿದಳು.

“ಮೇಕೆ,” ಎಂದರು ಸುಮಜ್ಜಿ.

ಆಕೆ ಪೆನ್ನು ಕೆಳಗಿಟ್ಟು ಪೊಟ್ಟಣವನ್ನೂ ನಮ್ಮನ್ನೂ ನೋಡಿದಳು. “ಆಟಿಕೆ ಅಂತ ಬರೆಯಲಾ?”

“ಆಟಿಕೆ ಅಲ್ಲ. ಸ್ಟೇಷನ್ನಿನದು.”

ಆಕೆ ನಗು ತಡೆದುಕೊಂಡು ಚೀಟಿಯನ್ನು ನನ್ನ ಕಡೆ ತಳ್ಳಿದಳು. ಮೇಕೆ, ಒಂದು, ಬಿಳಿ ಎಂದು ನಾನೇ ಬರೆದೆ. ಹಡಗಿನ ಅಂಚೆಯೋ ವಿಮಾನದ್ದೋ ಎಂದು ಆಕೆ ಕೇಳಿದಳು. ಸುಮಜ್ಜಿ ಕೌಂಟರಿನ ಮೇಲೆ ಬಾಗಿ, ಗುಟ್ಟು ಹೇಳುವವರಂತೆ ಹೇಳಿದರು.

“ವಿಮಾನದಲ್ಲೇ ಕಳಿಸಮ್ಮ. ಕೇಳಿದವನು ನನಗಿಂತ ಎರಡು ವರ್ಷ ದೊಡ್ಡವನು.”